ಎರಡು ಕಡಬ, ಮೂರು ವೆಬ್‌ಸೈಟ್

"ಕಡಬ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತು ಒಂದು ಗಂಟೆ ಆಯ್ತು ಮಾರಾಯ್ತಿ. ಜನ ಪತ್ತೆಯೇ ಇಲ್ಲ. ನೀನೊಮ್ಮೆ ಫೋನ್ ಮಾಡಿ ನೋಡು."

ಡಿಸೆಂಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮಾವ ಹೀಗೆ ಹೇಳಿದಾಗ ನಾನು ಲ್ಯಾಬ್ ರೆಕಾರ್ಡ್ ಬರೆಯುತ್ತಾ ಕೂತಿದ್ದೆ. ಮಾವನಿಗೆ ಪುತ್ತೂರಿನಲ್ಲಿ ಒಂದು ಚಿಕ್ಕ ಅಂಗಡಿ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ, ಮದ್ದು ಬಿಡುವ ಪಂಪು, ಕಳೆ ಕೊಚ್ಚುವ ಯಂತ್ರ ಇವುಗಳ ಮಾರಾಟ ಮತ್ತು ರಿಪೇರಿ. ಹಿಂದಿನ ದಿನ ಒಬ್ಬರು ಫೋನ್ ಮಾಡಿ, "ನಾವು ಕಡಬದವರು, ನಿಮ್ಮ ವೆಬ್‌ಸೈಟ್ ನೋಡಿದ್ವಿ, ತೋಟಕ್ಕೇ ಬಂದು ತೋರಿಸ್ತೀರಂತೆ, ನಾಳೆ ಬನ್ನಿ" ಅಂದಿದ್ದರು. ಮಾವ ಅಂಗಡಿಗೆ ಬಾಗಿಲು ಹಾಕಿ, ಜೀಪಿನ ಮೇಲೆ ದೋಟಿ ಕಟ್ಟಿಕೊಂಡು ಹೊರಟಿದ್ದರು.

ನಾನು ಆ ನಂಬರಿಗೆ ಫೋನ್ ಮಾಡಿದೆ. "ಕೆರೆ ಏರಿ ದಾಟಿ ಸೀದಾ ಬಂದ್ಬಿಡಿ ಮೇಡಂ" ಅಂದರು ಆ ಕಡೆಯವರು. ಕೆರೆ ಏರಿಯಾ? ನಮ್ಮ ಕಡಬದಲ್ಲಿ ಅಂಥದ್ದು ನಾನಂತೂ ಕಂಡಿಲ್ಲ. ಅಷ್ಟರಲ್ಲಿ ಅವರೇ ಕೇಳಿದರು: "ಗುಬ್ಬಿ ಬಿಟ್ಟು ಎಷ್ಟೊತ್ತಾಯ್ತು?"

ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನಲ್ಲೂ ಒಂದು ಕಡಬ ಇದೆ. ದೊಡ್ಡ ಕೆರೆ ಇರುವ ಊರು. ಅಲ್ಲೂ ಅಡಿಕೆ ತೋಟಗಳಿವೆ. ನಮ್ಮ ಕಡಬದಿಂದ ಘಟ್ಟ ಹತ್ತಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ನಾನು ಮಾಡಿಕೊಟ್ಟ ವೆಬ್‌ಸೈಟಿನಲ್ಲಿ 'ಕಡಬ' ಎಂಬ ಪದ ಹದಿನೇಳು ಸಲ ಇತ್ತು. 'ದಕ್ಷಿಣ ಕನ್ನಡ' ಒಂದು ಸಲವೂ ಇರಲಿಲ್ಲ.

ಮಾವ ಜೀಪು ತಿರುಗಿಸಿಕೊಂಡು ಹೋದರು. ಬೈಯಲಿಲ್ಲ. ಅವರು ಬೈಯದಿದ್ದರೆ ನನಗೆ ಜಾಸ್ತಿ ಹೆದರಿಕೆ.

ಕಥೆ ಶುರುವಾದದ್ದು ಅದಕ್ಕೂ ನಾಲ್ಕು ತಿಂಗಳು ಮೊದಲು. ಮಾವನಿಗೆ ಆಗಲೇ ಒಂದು ಹಳೆಯ ವೆಬ್‌ಸೈಟ್ ಇತ್ತು. ಯಾರೋ ಪರಿಚಯದವರು ಮಾಡಿಕೊಟ್ಟದ್ದು. ಒಂದೇ ಪುಟ, ಮೇಲೊಂದು ಮಸುಕು ಫೋಟೋ, ಕೆಳಗೆ ಫೋನ್ ನಂಬರ್. ನೋಡಿದರೆ ನಗು ಬರುವಂತಿತ್ತು. ಆದರೆ ಅದರಿಂದ ಫೋನ್ ಬರುತ್ತಿತ್ತು, ಕೊಯ್ಲಿನ ಸಮಯದಲ್ಲಿ ದಿನಕ್ಕೆ ನಾಲ್ಕೈದಾದರೂ. ಅದು ಹೇಗೆ ಸಾಧ್ಯ ಎಂದು ನಾನು ಯೋಚಿಸಲೇ ಇಲ್ಲ. ಚಂದ ಇಲ್ಲ ಎಂಬುದಷ್ಟೇ ನನ್ನ ಕಣ್ಣಿಗೆ ಬಿತ್ತು.

ಅದೇ ಹೊತ್ತಿಗೆ ಮಾವನಿಗೆ ಒಂದು ಕಂಪನಿಯಿಂದ ಫೋನ್ ಬಂತು. "ಸರ್, ಪುತ್ತೂರಿಗೊಂದು, ಸುಳ್ಯಕ್ಕೊಂದು, ಕಡಬಕ್ಕೊಂದು ವೆಬ್‌ಸೈಟ್ ಮಾಡೋಣ. ಯಾವ ಊರಿನವರು ಹುಡುಕಿದರೂ ನೀವೇ ಮೊದಲು. ಫಸ್ಟ್ ಪೇಜ್ ಗ್ಯಾರಂಟಿ." ಹೇಳಿದ ದುಡ್ಡು ಕೇಳಿ ಮಾವ ದಂಗಾದರು. ಆದರೆ ಆಸೆ ಹುಟ್ಟಿಬಿಟ್ಟಿತ್ತು. ಸಂಜೆ ಮನೆಗೆ ಬಂದು, "ನೀನು ಇಂಜಿನಿಯರಿಂಗ್ ಓದುವವಳಲ್ವಾ, ಇದು ನಿನಗೆ ಆಗುವುದಿಲ್ವಾ?" ಎಂದು ಕೇಳಿದರು. ನನ್ನ ಮೊದಲ ವರ್ಷದ ಫೀಸಿಗೆ ದುಡ್ಡು ಸಾಲದೆ ಬಂದಾಗ ಅಮ್ಮ ಕೇಳುವ ಮೊದಲೇ ತಂದುಕೊಟ್ಟವರು ಅವರು. ಆಗುವುದಿಲ್ಲ ಎಂದು ಹೇಗೆ ಹೇಳುವುದು? ನಿಜ ಹೇಳಬೇಕೆಂದರೆ ನನಗೂ ಆ ಐಡಿಯಾ ಬಹಳ ಬುದ್ಧಿವಂತಿಕೆಯದ್ದು ಅನ್ನಿಸಿತ್ತು.

ಯಾಕೆ ಅನ್ನಿಸಿತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೀ ಪೆದ್ದಿಯಂತೆ ಕಾಣುತ್ತೇನೆ. ನಮ್ಮ ಕಡೆಯವರು ಒಂದೇ ಸಾಮಾನನ್ನು ಎಷ್ಟು ವಿಧದಲ್ಲಿ ಹುಡುಕುತ್ತಾರೆ ನೋಡಿ. ಒಬ್ಬರು 'ಅಡಿಕೆ ದೋಟಿ' ಅನ್ನುತ್ತಾರೆ, ಇನ್ನೊಬ್ಬರು 'ಅಡಕೆ ದೋಟಿ'. ಕೆಲವರು ಕನ್ನಡ ಅಕ್ಷರದಲ್ಲಿ, ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ. ನಮ್ಮಜ್ಜನಂಥವರು ಮೊಬೈಲಿನ ಮೈಕ್ ಒತ್ತಿ ತುಳುವಿನಲ್ಲಿ ಮಾತಾಡಿ, ಅದು ಏನೋ ಬರೆದುಕೊಂಡಾಗ ಬೈಯುತ್ತಾರೆ. ಸುಳ್ಯವನ್ನು ಇಂಗ್ಲಿಷಿನಲ್ಲಿ ಸರ್ಕಾರಿ ಬೋರ್ಡಿನಂತೆ ಎರಡು 'ಎಲ್' ಹಾಕಿ ಕೊನೆಗೆ 'ಐ ಎ' ಬರೆಯುವವರಿದ್ದಾರೆ, ಒಂದೇ 'ಎಲ್' ಹಾಕಿ 'ವೈ ಎ' ಬರೆಯುವವರೂ ಇದ್ದಾರೆ. ಪುತ್ತೂರು ಎಂದು ಬೆಂಗಳೂರಿನಲ್ಲಿ ಕೂತು ಹುಡುಕಿದರೆ ಮೂಳೆ ಮುರಿತಕ್ಕೆ ಕಟ್ಟು ಹಾಕುವ ಆಂಧ್ರದ ಪುತ್ತೂರು ಎದುರಾಗುತ್ತದೆ. ನಮ್ಮ ರೈಲು ನಿಲ್ದಾಣದ ಹೆಸರು 'ಕಬಕ ಪುತ್ತೂರು' ಎಂದಿರುವುದು ಎಷ್ಟು ಅನುಕೂಲ ಎಂದು ಆಗ ಗೊತ್ತಾಗುತ್ತದೆ. ಇನ್ನು ಕಡಬ ಮೊದಲು ಪುತ್ತೂರು ತಾಲೂಕಿಗೆ ಸೇರಿದ್ದ ಪೇಟೆ. ಈಗ ಪುತ್ತೂರಿನ ಒಂದಷ್ಟು, ಸುಳ್ಯದ ಒಂದಷ್ಟು ಗ್ರಾಮ ಸೇರಿ ಅದೇ ತಾಲೂಕು. ಕುಕ್ಕೆ ಸುಬ್ರಹ್ಮಣ್ಯ ಕೂಡ ಸುಳ್ಯದಿಂದ ಅತ್ತ ಹೋಯಿತು. ಆದರೆ ಜನರ ಬಾಯಲ್ಲಿ ಇನ್ನೂ ಹಳೆಯ ತಾಲೂಕೇ ಇದೆ. ಹೀಗಿರುವಾಗ ಒಂದೊಂದು ಪದಕ್ಕೂ ಒಂದೊಂದು ಬಲೆ ಹಾಕಿದರೆ ಮೀನು ಜಾಸ್ತಿ ಸಿಗುತ್ತದೆ ಎಂದು ಲೆಕ್ಕ ಹಾಕಿದೆ.

ಮೂರು ಡೊಮೇನ್ ತೆಗೆದುಕೊಂಡೆ. ಹೆಸರಿನಲ್ಲೇ ಊರು ಮತ್ತು ದೋಟಿ ಬರುವಂತೆ. ಮೊದಲ ವರ್ಷ ಅಗ್ಗ, ಎರಡನೇ ವರ್ಷದಿಂದ ಬೆಲೆ ಏರುತ್ತದೆ ಎಂಬುದು ಸಣ್ಣ ಅಕ್ಷರದಲ್ಲಿತ್ತು, ಓದಲಿಲ್ಲ. ಪುತ್ತೂರಿನ ಸೈಟನ್ನು ಎರಡು ವಾರ ಕೂತು ಚಂದವಾಗಿ ಮಾಡಿದೆ. ಉಳಿದ ಎರಡಕ್ಕೆ ಹಿಡಿದದ್ದು ಅರ್ಧ ಗಂಟೆ. ಇಡೀ ಸೈಟು ಕಾಪಿ ಮಾಡಿ, 'ಪುತ್ತೂರು' ಇದ್ದಲ್ಲೆಲ್ಲ 'ಸುಳ್ಯ' ಎಂದು ಬದಲಿಸು ಎಂಬ ಒಂದು ಆಜ್ಞೆ. ಮತ್ತೊಮ್ಮೆ 'ಕಡಬ' ಎಂದು. ಪರಿಣಾಮವಾಗಿ ಸುಳ್ಯದ ಸೈಟಿನಲ್ಲಿ ನಮ್ಮ ಅಂಗಡಿ 'ಕಬಕ ಸುಳ್ಯ ರೈಲು ನಿಲ್ದಾಣ'ದಿಂದ ಐದು ನಿಮಿಷದ ದಾರಿ ಎಂದು ಬಂದಿತ್ತು. ಸುಳ್ಯ ಪೇಟೆಗೆ ರೈಲೇ ಇಲ್ಲ! ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಯಾರೂ ಹೇಳಲಿಲ್ಲ, ಯಾಕೆಂದರೆ ಯಾರೂ ಓದಲೇ ಇಲ್ಲ.

ಗೂಗಲ್ ಮ್ಯಾಪಿನಲ್ಲೂ ಒಂದು ಕೆಲಸ ಮಾಡಿದೆ. ಕಡಬದಲ್ಲಿರುವ ಕ್ಲಾಸ್‌ಮೇಟ್ ಮನೆಯ ವಿಳಾಸ ಕೊಟ್ಟು ಅಲ್ಲೊಂದು ಬ್ರಾಂಚ್ ಇದೆ ಎಂದು ತೋರಿಸಿದೆ. ಒಂದು ಬೆಳಿಗ್ಗೆ ಯಾರೋ ಸುಟ್ಟುಹೋದ ಪಂಪಿನ ಮೋಟಾರು ಹೊತ್ತುಕೊಂಡು ಅವಳ ಮನೆ ಅಂಗಳಕ್ಕೆ ಬಂದರಂತೆ. ಅವಳ ಅಜ್ಜಿ ಬೆಲ್ಲ ನೀರು ಕೊಟ್ಟು ಕೂರಿಸಿ, "ಮೊಮ್ಮಗಳು ಇಂಜಿನಿಯರಿಂಗ್ ಓದುವುದು ಹೌದು, ಆದರೆ ಇದನ್ನೆಲ್ಲ ಸರಿ ಮಾಡ್ತಾಳಾ ಗೊತ್ತಿಲ್ಲ" ಅಂದರಂತೆ. ಸ್ವಲ್ಪ ದಿನದಲ್ಲಿ ಗೂಗಲ್ ಆ ಬ್ರಾಂಚನ್ನು ಅಮಾನತು ಮಾಡಿತು. ಅದರ ನಿಯಮ ಸ್ಪಷ್ಟವಾಗಿಯೇ ಇದೆ: ನಿಜವಾಗಿ ಅಂಗಡಿ ಇಲ್ಲದ ಜಾಗವನ್ನು ಅಂಗಡಿ ಎಂದು ತೋರಿಸುವಂತಿಲ್ಲ.

ಆದರೆ ನಾನು ಮಾಡಿದ ನಿಜವಾದ ತಪ್ಪು ಇದ್ಯಾವುದೂ ಅಲ್ಲ. ಅಕ್ಟೋಬರ್ ಕೊನೆಗೆ ಮಾವನ ಹಳೆಯ ವೆಬ್‌ಸೈಟಿನ ಡೊಮೇನ್ ಅವಧಿ ಮುಗಿಯುವುದಿತ್ತು. "ರಿನ್ಯೂ ಮಾಡಬೇಕಾ?" ಎಂದು ಮಾವ ಕೇಳಿದರು. "ಹೊಸದು ಮೂರು ಉಂಟಲ್ಲ ಮಾವ, ಅದು ಇನ್ನು ಯಾಕೆ?" ಅಂದೆ ನಾನು.

ನವೆಂಬರಿನಲ್ಲಿ ಮೊದಲ ಕೊಯ್ಲು ಶುರುವಾಯಿತು. ಮಾವನ ವ್ಯಾಪಾರ ವರ್ಷದಲ್ಲಿ ಎರಡು ಸಲ ಜೋರು: ಮಳೆಗಾಲದ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಸಮಯ, ಮತ್ತೆ ಈ ಕೊಯ್ಲಿನ ಸಮಯ. ಫೋನ್ ಬರಲಿಲ್ಲ. ದಿನಕ್ಕೆ ನಾಲ್ಕೈದು ಇದ್ದದ್ದು ವಾರಕ್ಕೆ ಎರಡಾಯಿತು. ಬಂದ ಎರಡರಲ್ಲಿ ಒಂದು ಗುಬ್ಬಿಯ ಕಡಬದಿಂದ.

ಆ ಶನಿವಾರದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೂಗಲ್ ಸರ್ಚ್ ಕನ್ಸೋಲ್ ತೆರೆದೆ. ಇದು ಉಚಿತ ಸಾಧನ. ನಿಮ್ಮ ಸೈಟು ಯಾವ ಪದಕ್ಕೆ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಲ್ಲ ಹೇಳುತ್ತದೆ. ಅಲ್ಲಿಯವರೆಗೆ ಅದನ್ನು ಜೋಡಿಸಿಟ್ಟದ್ದು ಬಿಟ್ಟರೆ ತೆರೆದು ನೋಡಿರಲಿಲ್ಲ. ಸುಳ್ಯ ಮತ್ತು ಕಡಬದ ಪುಟಗಳ ಎದುರು ಒಂದು ಸಾಲು ಇತ್ತು. ಅದರ ಅರ್ಥ: ಇದು ನಕಲು, ಮೂಲ ಎಂದು ಗೂಗಲ್ ಬೇರೆ ಪುಟವನ್ನು ಆರಿಸಿಕೊಂಡಿದೆ. ಅಂದರೆ ಮೂರರಲ್ಲಿ ಎರಡನ್ನು ಗೂಗಲ್ ಹೆಚ್ಚುಕಡಿಮೆ ಪಕ್ಕಕ್ಕಿಟ್ಟಿತ್ತು. ಮೂಲ ಎಂದು ಆರಿಸಿಕೊಂಡಿದ್ದ ಪುತ್ತೂರಿನ ಸೈಟಾದರೂ ಮೇಲೆ ಇತ್ತಾ ಎಂದರೆ ಅದೂ ಇಲ್ಲ, ನಾಲ್ಕನೇ ಪುಟದಲ್ಲಿ ಮಲಗಿತ್ತು.

ಕಾಲೇಜಿನಲ್ಲಿ ನಮಗೆ ವೆಬ್ ಟೆಕ್ನಾಲಜಿ ಹೇಳಿಕೊಡುವ ಮೇಡಂ ಹತ್ತಿರ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಅವರು ಮೂರು ಸೈಟನ್ನೂ ನೋಡಿ ಮೊದಲು ಕೇಳಿದ್ದು, "ಹಳೆಯದು ಎಲ್ಲಿ?"

ಅಲ್ಲಿಂದ ಮುಂದೆ ನಾನು ಕಲಿತದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮಲ್ಲಿ ಹಲವರು ಮನೆಯವರ ಅಂಗಡಿಗೋ ಹೋಮ್‌ಸ್ಟೇಗೋ ವೆಬ್‌ಸೈಟ್ ಮಾಡಿಕೊಡುವವರು ಇರಬಹುದು.

ಗೂಗಲ್ ಹುಟ್ಟಿದ್ದೇ ಒಂದು ಸರಳ ಆಲೋಚನೆಯಿಂದ. 1998ರ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಅದಕ್ಕೆ ಪೇಜ್‌ರ್‍ಯಾಂಕ್ ಎಂದು ಹೆಸರಿಟ್ಟರು. ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಲಿಂಕ್ ಒಂದು ಬಗೆಯ ಓಟು. ಯಾರಿಗೆ ಒಳ್ಳೆಯ ಕಡೆಯಿಂದ ಹೆಚ್ಚು ಓಟು ಬಂತೋ ಅವರು ಮೇಲೆ. ಈಗ ಲೆಕ್ಕ ಇಷ್ಟು ಸರಳವಿಲ್ಲ, ನೂರಾರು ಸಂಗತಿ ನೋಡುತ್ತಾರೆ. ಆದರೂ ಓಟಿಗೆ ಬೆಲೆ ಹೋಗಿಲ್ಲ. ಮಾವನ ಆ ಮಸುಕು ಫೋಟೋದ ಸೈಟಿಗೆ ವರ್ಷಗಳಿಂದ ಓಟು ಬಿದ್ದಿತ್ತು. ಒಂದು ಕೃಷಿ ಮೇಳದವರು ಮಳಿಗೆಗಳ ಪಟ್ಟಿಯಲ್ಲಿ ಅದರ ಲಿಂಕ್ ಹಾಕಿದ್ದರು. ದೋಟಿಯ ಬಗ್ಗೆ ಬರೆದ ಒಬ್ಬ ಕೃಷಿಕರು ತಮ್ಮ ಲೇಖನದ ಕೆಳಗೆ ಕೊಟ್ಟಿದ್ದರು. ಇಂಥವು ಏಳೆಂಟು ಇದ್ದವು. ನಾನು ಆ ಸೈಟನ್ನು ಸಾಯಲು ಬಿಟ್ಟಾಗ ಆ ಎಲ್ಲ ಓಟೂ ಖಾಲಿ ಗೋಡೆಗೆ ಹೊಡೆದಂತಾಯಿತು. ಹೊಸ ಮೂರಕ್ಕೆ ಒಂದೂ ಇರಲಿಲ್ಲ. ಮುಂದೆ ಬಂದಿದ್ದರೂ ಮೂರಕ್ಕೆ ಹಂಚಿಹೋಗುತ್ತಿತ್ತು. ಪಂಚಾಯಿತಿ ಚುನಾವಣೆಗೆ ಒಂದೇ ಮನೆಯಿಂದ ಮೂರು ಜನ ನಿಂತರೆ ಏನಾಗುತ್ತದೆ ಎಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು, ಒಂದೇ ಸರಕನ್ನು ಬೇರೆ ಬೇರೆ ಹೆಸರಿನ ಬಾಗಿಲಿನಿಂದ ತೋರಿಸುವ ಈ ಆಟಕ್ಕೆ ಗೂಗಲ್ಲಿನ ನಿಯಮದಲ್ಲೇ ಹೆಸರು ಇದೆ: ಡೋರ್‌ವೇ. ಹೆಸರು, ಮುಖಪುಟ ಸ್ವಲ್ಪ ಬದಲಿಸಿ ಮಾಡಿದ ಹಲವು ಸೈಟುಗಳು, ಊರಿಗೊಂದರಂತೆ ಮಾಡಿ ಕೊನೆಗೆ ಒಂದೇ ಕಡೆಗೆ ಜನರನ್ನು ತಳ್ಳುವ ಪುಟಗಳು, ಎರಡನ್ನೂ ಅದು ಸ್ಪ್ಯಾಮ್ ಎಂದೇ ಎಣಿಸುತ್ತದೆ. ಓದುವಾಗ ನನ್ನ ಫೋಟೋ ಹಾಕಿ ಬರೆದಂತಿತ್ತು. ಇದು ಹೊಸ ನಿಯಮವೂ ಅಲ್ಲ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನಿ ವೆಬ್‌ಸೈಟನ್ನೇ ಗೂಗಲ್ ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು. ಸರ್ಚ್ ಎಂಜಿನ್ನಿಗೆ ತೋರಿಸಲು ಪದಗಳನ್ನು ತುಂಬಿಸಿದ ಪುಟ, ಒತ್ತಿದವರಿಗೆ ಬೇರೆಯೇ ಪುಟ. ಕಂಪನಿ ಅವನ್ನು ತೆಗೆದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಸೇರಿಸಿದರು. ಅಷ್ಟು ದೊಡ್ಡವರಿಗೆ ಕೆಲವು ದಿನ ಸಾಕಾಯಿತು, ಪುತ್ತೂರಿನ ದೋಟಿ ಅಂಗಡಿಗೆ ಸಾಕಾಗುತ್ತದೆಯೇ? 2012ರಲ್ಲಿ, ಹೆಸರಿನಲ್ಲಿ ಕೀವರ್ಡ್ ಇದೆ ಎಂಬ ಒಂದೇ ಕಾರಣಕ್ಕೆ ಮೇಲೆ ಬರುತ್ತಿದ್ದ ಕಳಪೆ ಸೈಟುಗಳನ್ನು ಕೆಳಗಿಳಿಸಿದರು. 2015ರಲ್ಲಿ ಡೋರ್‌ವೇಗಳ ಮೇಲೆ ಮತ್ತೆ ಕೈ ಹಾಕಿದರು. ನಾನು ಯೂಟ್ಯೂಬ್‌ನಲ್ಲಿ ನೋಡಿ ಕಲಿತ 'ಟ್ರಿಕ್' ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೇ ಹಳಸಿತ್ತು.

ಇಲ್ಲಿ ಒಂದು ಮಾತು. ನಕಲು ಪುಟ ಇದ್ದರೆ ಗೂಗಲ್ ದಂಡ ಹಾಕುತ್ತದೆ ಎಂದು ಹಲವರು ಹೆದರಿಸುತ್ತಾರೆ. ಬರೀ ನಕಲಿಗೆ ದಂಡವಿಲ್ಲ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬದಿಗಿಡುತ್ತದೆ ಅಷ್ಟೆ. ಮೋಸದ ಉದ್ದೇಶದಿಂದ ಮಾಡಿದ್ದಕ್ಕೆ ಬೇರೆ ಲೆಕ್ಕ.

ಹಾಗಾದರೆ ಆ ಎಲ್ಲ ಸ್ಪೆಲ್ಲಿಂಗು, ಅಡಿಕೆ-ಅಡಕೆ? ಅದಕ್ಕೆ ನಾನು ತಲೆ ಕೆಡಿಸಿಕೊಂಡದ್ದೇ ದಂಡ. 2019ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಬರ್ಟ್ ಎಂಬ ಭಾಷಾ ತಂತ್ರವನ್ನು ಎಪ್ಪತ್ತಕ್ಕೂ ಹೆಚ್ಚು ಭಾಷೆಗಳ ಹುಡುಕಾಟಕ್ಕೆ ವಿಸ್ತರಿಸಿತು, ಅದರಲ್ಲಿ ಕನ್ನಡವೂ ಇದೆ. ಹುಡುಕುವವರ ಪದಕ್ಕಿಂತ ಅವರಿಗೆ ಏನು ಬೇಕು ಎಂಬುದನ್ನು ಹಿಡಿಯುವ ಪ್ರಯತ್ನ ಅದು. ಜತೆಗೆ ಮೊಬೈಲ್ ಎಲ್ಲಿದೆ ಎಂಬುದೂ ಅದಕ್ಕೆ ಗೊತ್ತು. ಬೆಳ್ಳಾರೆಯಲ್ಲಿ ನಿಂತು ಬರೀ 'ದೋಟಿ ರಿಪೇರಿ' ಎಂದು ಕೇಳಿದರೂ ಹತ್ತಿರದವರನ್ನೇ ತೋರಿಸಲು ನೋಡುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಮೇಡಂ ಹೇಳಿದರು, "ಡೊಮೇನ್ ಹೋಯಿತಾ ಇನ್ನೂ ಉಂಟಾ ನೋಡು." ನೋಡಿದೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಸ್ವಲ್ಪ ದಿನ ಮಾಮೂಲಿ ಬೆಲೆಗೆ ರಿನ್ಯೂ ಮಾಡಬಹುದು. ಆಮೇಲೆ 30 ದಿನ 'ರಿಡೆಂಪ್ಷನ್' ಎಂಬ ಅವಧಿ, ಆಗ ಹೆಚ್ಚಿನ ದುಡ್ಡು ಕೊಟ್ಟರೆ ಮಾತ್ರ ವಾಪಸ್. ಅದೂ ದಾಟಿದರೆ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ನಮ್ಮದು ರಿಡೆಂಪ್ಷನ್‌ನಲ್ಲಿತ್ತು. ಕೆಲವೇ ದಿನ ಬಾಕಿ. ಕೇಳಿದ ಮೊತ್ತ ಮಾಮೂಲಿಯ ಹಲವು ಪಟ್ಟು. ನನ್ನ ಹತ್ತಿರ ಇದ್ದದ್ದು ಅದರಲ್ಲಿ ಅರ್ಧ.

ಆ ಸಂಜೆ ಮಾವನ ಅಂಗಡಿಗೆ ಹೋದೆ. ಅವರು ಒಂದು ಪಂಪಿನ ವಾಲ್ವ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಫೋನ್ ಬಾರದಿರಲು ಅಡಿಕೆ ರೇಟು ಕಾರಣವಲ್ಲ, ಬೇರೆ ಅಂಗಡಿ ಬಂದದ್ದೂ ಕಾರಣವಲ್ಲ, ನಾನೇ ಕಾರಣ ಎಂದೆ. 'ಹೊಸದು ಮೂರು ಉಂಟಲ್ಲ' ಎಂದು ನಾನು ಹೇಳಿದ್ದು ಅವರಿಗೆ ನೆನಪಿತ್ತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ವಾಲ್ವ್ ಒರೆಸಿ, ಜೋಡಿಸಿ, ತಿರುಗಿಸಿ ನೋಡಿ ಆದ ಮೇಲೆ ಕೇಳಿದರು: "ಈಗ ಎಷ್ಟು ಬೇಕು?"

ಹೇಳಿದೆ. ಗಲ್ಲಾಪೆಟ್ಟಿಗೆ ತೆರೆದು ಎಣಿಸಿ ಕೊಟ್ಟರು. ಆಮೇಲೆ, "ಆ ಫಸ್ಟ್ ಪೇಜ್ ಗ್ಯಾರಂಟಿ ಅಂದವನಿಗೆ ಕೊಟ್ಟಿದ್ದರೆ ಇದನ್ನು ಯಾರೂ ಬಂದು ಹೇಳುತ್ತಿರಲಿಲ್ಲ" ಅಂದರು. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಎಂದು ಗೂಗಲ್ ತಾನೇ ಹೇಳಿದೆ ಎಂದು ನಾನು ಹೇಳಲು ಹೋಗಲಿಲ್ಲ. ಅಳು ಬರುತ್ತಿತ್ತು.

ಹಳೆಯ ಹೆಸರು ವಾಪಸ್ ಬಂತು. ಮೂರು ಹೊಸ ಸೈಟುಗಳನ್ನು ಮುಚ್ಚಿ, ಅವುಗಳ ವಿಳಾಸಕ್ಕೆ ಬಂದವರು ಸೀದಾ ಹಳೆಯದಕ್ಕೆ ಹೋಗುವಂತೆ 301 ಎಂಬ ಶಾಶ್ವತ ರೀಡೈರೆಕ್ಟ್ ಹಾಕಿದೆ. ಇದನ್ನು ಕನಿಷ್ಠ ಒಂದು ವರ್ಷವಾದರೂ ಇಡಬೇಕು ಎಂಬುದು ಗೂಗಲ್ಲಿನ ಸಲಹೆ. ಮ್ಯಾಪಿನಲ್ಲಿ ಕಡಬದ ಸುಳ್ಳು ಬ್ರಾಂಚ್ ತೆಗೆದು, ಪುತ್ತೂರಿನ ಒಂದೇ ಅಂಗಡಿ ಇಟ್ಟು, 'ನಾವು ಹೋಗಿ ಕೆಲಸ ಮಾಡಿಕೊಡುವ ಊರುಗಳು' ಎಂಬ ಜಾಗದಲ್ಲಿ ಸುಳ್ಯ, ಕಡಬ, ಗುತ್ತಿಗಾರು, ಉಪ್ಪಿನಂಗಡಿ ಎಂದು ಸೇರಿಸಿದೆ. ಇಪ್ಪತ್ತು ಊರಿನವರೆಗೆ ಸೇರಿಸಲು ಅಲ್ಲಿ ಅವಕಾಶ ಉಂಟು. ಈ ಸೌಲಭ್ಯ ಮೊದಲೇ ಇತ್ತು, ನಾನು ನೋಡಿರಲಿಲ್ಲ.

ಇನ್ನು ಒಂದೇ ಸೈಟಿನೊಳಗೆ ಮೂರು ಊರಿಗೆ ಮೂರು ಪುಟ ಬೇಕೋ ಬೇಡವೋ? ಇದಕ್ಕೆ ಉತ್ತರ ಕೊಟ್ಟದ್ದು ಗೂಗಲ್ ಅಲ್ಲ, ಮಾವ. "ಸುಳ್ಯದವರು ಮತ್ತು ಕಡಬದವರು ನಿಮ್ಮ ಹತ್ತಿರ ಬೇರೆ ಬೇರೆ ಏನಾದರೂ ಕೇಳ್ತಾರಾ?" ಎಂದು ಕೇಳಿದೆ. ಅವರು ಅರ್ಧ ಗಂಟೆ ಮಾತಾಡಿದರು. ಸಂಪಾಜೆ, ಅರಂತೋಡು ಕಡೆ ಹಳದಿ ರೋಗದಿಂದ ತೋಟ ಹೋದವರು ಹೊಸ ದೋಟಿಗೆ ದುಡ್ಡು ಹಾಕುವುದಿಲ್ಲ, ಇದ್ದದ್ದನ್ನೇ ರಿಪೇರಿ ಮಾಡಿಕೊಡಿ ಅನ್ನುತ್ತಾರೆ. ಗುಡ್ಡದ ಬದಿಯ ತೋಟದಲ್ಲಿ ಮರ ಎತ್ತರ, ನಿಲ್ಲುವ ಜಾಗ ಇಕ್ಕಟ್ಟು, ಅಲ್ಲಿಗೆ ಬೇರೆ ಅಳತೆ ಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ಸೋಗೆಯವರೆಗೆ ಮದ್ದು ಮುಟ್ಟಿಸುವ ನಳಿಗೆ ಕೇಳುವವರು ಜಾಸ್ತಿ. ಸುಳ್ಯ ಕಡೆಗೆ ಮಂಗಳವಾರ ಹೋಗುತ್ತೇನೆ, ಕಡಬದ ಕಡೆಗೆ ಶುಕ್ರವಾರ, ರಿಪೇರಿಗೆ ಇಂಥ ಅಂಗಡಿಯಲ್ಲಿ ಕೊಟ್ಟು ಹೋದರೆ ತರುತ್ತೇನೆ. ಇವನ್ನೆಲ್ಲ ಬರೆದುಕೊಂಡೆ. ಸುಳ್ಯದ ಪುಟ, ಕಡಬದ ಪುಟ ಎರಡೂ ಆದವು. ಪುತ್ತೂರಿಗೆ ಬೇರೆ ಪುಟ ಮಾಡಲಿಲ್ಲ, ಅಂಗಡಿಯೇ ಅಲ್ಲಿರುವಾಗ ಮುಖಪುಟವೇ ಸಾಕು. ಈ ಸಲ 'ಬದಲಿಸು' ಎಂಬ ಆಜ್ಞೆಯನ್ನು ಒಮ್ಮೆಯೂ ಬಳಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಬಂದದ್ದು ನಾನು ನಿರೀಕ್ಷಿಸದ ಇನ್ನೊಂದು ಪುಟಕ್ಕೆ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಹಗುರ ಎಂದು ಅರವತ್ತು ಅಡಿಯ ದೋಟಿ ಎತ್ತುವಾಗ ತೋಟದ ಮೇಲೆ ಹಾದುಹೋದ ಕರೆಂಟಿನ ತಂತಿಗೆ ತಾಗಿದರೆ ಹಿಡಿದವರ ಪ್ರಾಣಕ್ಕೇ ಅಪಾಯ. ಮಾವ ಪ್ರತಿ ಗಿರಾಕಿಗೂ ಇದನ್ನು ಕೈ ಹಿಡಿದು ಹೇಳುತ್ತಾರೆ. ಅದನ್ನೇ ಅವರ ಮಾತಿನಲ್ಲಿ ಬರೆದು, ತಂತಿ ಇರುವ ಕಡೆ ಏನು ಮಾಡಬೇಕು ಎಂದು ಚಿತ್ರ ಬಿಡಿಸಿ ಹಾಕಿದೆ. ಆ ಪುಟದಲ್ಲಿ ಯಾವ ಊರಿನ ಹೆಸರೂ ಇರಲಿಲ್ಲ, ಯಾವ ಕೀವರ್ಡನ್ನೂ ಎಣಿಸಿ ಹಾಕಿರಲಿಲ್ಲ. ಜನ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಏಪ್ರಿಲ್ ಹೊತ್ತಿಗೆ ಪುತ್ತೂರಿನ ಹುಡುಕಾಟದಲ್ಲಿ ನಮ್ಮ ಸೈಟು ಮತ್ತೆ ಮೊದಲ ಪುಟಕ್ಕೆ ಬಂತು. ಆದರೆ ಆ ವರ್ಷದ ಕೊಯ್ಲು ಮುಗಿದಿತ್ತು. ಹೋದ ವ್ಯಾಪಾರ ಹೋಯಿತು.

ಹಾಗೆಂದು ಎರಡು ಸೈಟು ಮಾಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅತ್ತೆ ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮಾಂಬಳ ಮಾಡಿ ಮಾರುತ್ತಾರೆ. "ಅದನ್ನೂ ನಿನ್ನ ದೋಟಿ ಸೈಟಿನಲ್ಲೇ ಒಂದು ಮೂಲೆಗೆ ಹಾಕು" ಅಂದರು. ಬೇಡ ಎಂದೆ. ದೋಟಿ ಕೊಳ್ಳುವವರು ಸುತ್ತಲಿನ ತೋಟದವರು. ಹಪ್ಪಳ ತರಿಸಿಕೊಳ್ಳುವವರು ಬೆಂಗಳೂರು, ಮುಂಬಯಿಯಲ್ಲಿ ಕೂತ ನಮ್ಮೂರಿನವರು. ಒಬ್ಬರಿಗೆ ರಿಪೇರಿಯ ದಿನ ಬೇಕು, ಇನ್ನೊಬ್ಬರಿಗೆ ಕೊರಿಯರ್ ಚಾರ್ಜು. ಅತ್ತೆಗೆ ಬೇರೆಯೇ ಸೈಟು ಮಾಡಿಕೊಟ್ಟೆ. ಎರಡೂ ಸೈಟಿನ ನಡುವೆ ಒಂದು ಲಿಂಕ್ ಮಾತ್ರ ಉಂಟು, ಅತ್ತೆಯ ಹಟಕ್ಕೆ. ಇನ್ನೊಂದು ವಾದವನ್ನೂ ಗೆಳೆಯರು ಹೇಳುತ್ತಾರೆ: 2019ರಿಂದ ಗೂಗಲ್ ಸಾಮಾನ್ಯವಾಗಿ ಒಂದೇ ಸೈಟಿನ ಎರಡಕ್ಕಿಂತ ಹೆಚ್ಚು ಪುಟವನ್ನು ಮೇಲಿನ ಫಲಿತಾಂಶದಲ್ಲಿ ತೋರಿಸುವುದಿಲ್ಲ, ಆದ್ದರಿಂದ ಹೆಚ್ಚು ಸೈಟಿದ್ದರೆ ಹೆಚ್ಚು ಜಾಗ ಹಿಡಿಯಬಹುದಲ್ಲ ಎಂದು. ಲೆಕ್ಕ ಸರಿ. ಒಂದೊಂದನ್ನೂ ಸ್ವಂತವಾಗಿ ಬೆಳೆಸಲು ಜನ, ದುಡ್ಡು ಇದ್ದವರಿಗೆ. ನನ್ನ ಹತ್ತಿರ ಇಂಟರ್ನಲ್ಸ್ ನಡುವೆ ಸಿಗುವ ಎರಡು ಭಾನುವಾರ ಇದೆ.

ಕೆಲಸ ಹುಡುಕುತ್ತಿರುವವರಿಗೆ ಬೇಕಾದೀತೆಂದು ಇದನ್ನೂ ಸೇರಿಸುತ್ತೇನೆ. ಹೋದ ತಿಂಗಳು ಒಂದು ಇಂಟರ್ನ್‌ಶಿಪ್ ಸಂದರ್ಶನವಿತ್ತು. ರೆಸ್ಯೂಮಿನಲ್ಲಿ 'ನಾಲ್ಕು ವೆಬ್‌ಸೈಟ್ ನಿರ್ಮಾಣ' ಎಂದು ಹಾಕಿದ್ದೆ. "ನಾಲ್ಕೂ ಚಾಲ್ತಿಯಲ್ಲಿ ಉಂಟಾ?" ಎಂದು ಕೇಳಿದರು. ಇಲ್ಲ, ಮೂರನ್ನು ನಾನೇ ಮುಚ್ಚಿದೆ ಎಂದೆ. ಯಾಕೆ ಎಂದರು. ಉಳಿದ ಇಪ್ಪತ್ತು ನಿಮಿಷ ಅದೇ ಮಾತು. ಬೇರೆ ಪ್ರಶ್ನೆ ಕೇಳಲೇ ಇಲ್ಲ. ಫಲಿತಾಂಶ ಇನ್ನೂ ಬಂದಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಅಂಗಡಿಯ ಎದುರು ಒಂದು ಕಾರು ನಿಂತಿತು. ತುಮಕೂರಿನ ನಂಬರ್. ಕುಕ್ಕೆಗೆ ಬಂದು ಪೂಜೆ ಮುಗಿಸಿ ಹೊರಟ ಕುಟುಂಬ. ಎದುರಿನ ಸೀಟಿನಿಂದ ಇಳಿದವರು ಬೋರ್ಡು ಓದಿ, ಒಳಗೆ ಬಂದು ನಗುತ್ತಾ ಕೇಳಿದರು: "ಅವತ್ತು ನಮ್ಮ ಕಡಬಕ್ಕೆ ಬರ್ತೀನಿ ಅಂತ ಹೇಳಿ ಬರದೇ ಇದ್ದೋರು ನೀವೇನಾ?"

ಮಾವ ಒಳಗಿನಿಂದ ನನ್ನನ್ನು ಕರೆದರು. "ಇವಳ ಹತ್ರ ಕೇಳಿ, ದಾರಿ ಹೇಳಿದ್ದು ಇವಳು" ಅಂದರು. ಅವರು ದೋಟಿ ಬಿಡಿಸಿ ಎತ್ತಿ ನೋಡಿ, ರೇಟು ಚೌಕಾಸಿ ಮಾಡಿ, ಕಾರಿನ ಮೇಲೆ ಕಟ್ಟಿಸಿಕೊಂಡು ಹೋದರು. ಹೋಗುವಾಗ ಅತ್ತೆಯ ಹಪ್ಪಳ ಎರಡು ಕಟ್ಟನ್ನೂ ತೆಗೆದುಕೊಂಡರು.